ರಿಪೋರ್ಟ್ ಬರುವವರೆಗೆ

ಗಲ್ಫಿನಲ್ಲಿ ದುಡಿದವರಿಗೆಲ್ಲ ‘ಮೆಡಿಕಲ್’ ಎಂಬ ಮಾತು ಚೆನ್ನಾಗಿ ಗೊತ್ತು. ಊರಿನಿಂದ ರಾತ್ರಿ ಬಸ್ಸು ಹಿಡಿದು ಮುಂಬೈಗೆ ಹೋಗಿ, ‘ಗಮ್ಕಾ’ ಪಟ್ಟಿಯಲ್ಲಿದ್ದ ಕ್ಲಿನಿಕ್ಕಿನ ಮುಂದೆ ಸಾಲು ನಿಂತು, ರಕ್ತ ಕೊಟ್ಟು, ಎದೆಯ ಎಕ್ಸ್‌ರೇ ತೆಗೆಸಿಕೊಂಡು ಬಂದವರು ನಾವು. ಅಲ್ಲಿ ಸಿಗುತ್ತಿದ್ದ ಉತ್ತರ ಎರಡೇ: ಫಿಟ್, ಇಲ್ಲವೇ ಅನ್‌ಫಿಟ್. ಫಿಟ್ ಆದರೆ ವೀಸಾ, ವಿಮಾನ, ಮನೆಯ ಸಾಲ ತೀರಿಸಲು ಒಂದು ದಾರಿ. ಅನ್‌ಫಿಟ್ ಆದರೆ ಏಜೆಂಟನಿಗೆ ಕೊಟ್ಟ ಹಣವೂ ಹೋಯಿತು, ಊರಿನವರ ಮುಂದೆ ಮುಖವೂ ಸಣ್ಣದಾಯಿತು. ಹೀಗೆ ಶುರುವಾದ ನಮ್ಮ ಪರದೇಶದ ಬದುಕಿನಲ್ಲಿ ವೈದ್ಯರು ಬರೆದುಕೊಡುವ ಯಾವ ಪರೀಕ್ಷೆಯೂ ಶಾಲೆಯ ಪರೀಕ್ಷೆಯಂತೆಯೇ ಕಾಣುತ್ತದೆ. ಪಾಸೋ ಫೇಲೋ ಎಂದು ಉಸಿರು ಬಿಗಿಹಿಡಿದು ಕೂರುತ್ತೇವೆ.

ಈ ಭಯ ಎಲ್ಲಕ್ಕಿಂತ ಹೆಚ್ಚು ಕಾಡುವುದು ‘ಕ್ಯಾನ್ಸರ್ ಇರಬಹುದೇ’ ಎಂಬ ಅನುಮಾನದಿಂದ ಪರೀಕ್ಷೆ ಮಾಡಿಸಿ, ರಿಪೋರ್ಟಿಗಾಗಿ ಕಾಯುವ ದಿನಗಳಲ್ಲಿ. ನಾವಿಬ್ಬರು, ಗಂಡ ಹೆಂಡತಿ, ಒಂಬತ್ತು ವರ್ಷ ಗಲ್ಫಿನಲ್ಲಿದ್ದು ಈಗ ಸಿಂಗಪುರದಲ್ಲಿ ನೆಲೆಸಿದ್ದೇವೆ. ನಮ್ಮಿಬ್ಬರಲ್ಲಿ ಒಬ್ಬರ ಕುತ್ತಿಗೆಯಲ್ಲಿ ಥೈರಾಯ್ಡ್ ಗಂಟು ಕಾಣಿಸಿಕೊಂಡಾಗ ಹನ್ನೊಂದು ದಿನ ಇಲ್ಲಿ ಹೀಗೆ ಕಾದಿದ್ದೇವೆ. ನಮ್ಮ ಪಾಲಿಗೆ ಅದು ಅಪಾಯವಿಲ್ಲದ ಗಂಟು ಎಂದು ಬಂತು. ಅದೇ ವರ್ಷ ಗಲ್ಫಿನಲ್ಲಿರುವ ನಮ್ಮ ಸ್ನೇಹಿತರೊಬ್ಬರಿಗೆ ಹಾಗೆ ಬರಲಿಲ್ಲ. ಈಗ ಅವರು ಚಿಕಿತ್ಸೆ ಮುಗಿಸಿ ಮತ್ತೆ ಡ್ಯೂಟಿಗೆ ಹೋಗುತ್ತಿದ್ದಾರೆ. ಫಲಿತಾಂಶ ಬೇರೆ ಬೇರೆಯಾದರೂ ಕಾದ ದಿನಗಳು ಎರಡೂ ಕಡೆ ಒಂದೇ ರೀತಿ ಇದ್ದವು. ಒಂದು ವ್ಯತ್ಯಾಸ ಮಾತ್ರ ಇತ್ತು: ನಾವು ಇಬ್ಬರು ಕಾದೆವು, ಅವರು ಕ್ಯಾಂಪಿನ ಕೋಣೆಯಲ್ಲಿ ಐವರು ರೂಮ್‌ಮೇಟುಗಳ ನಡುವೆ ಯಾರಿಗೂ ಹೇಳದೆ ಒಬ್ಬರೇ ಕಾದರು.

ಆ ವ್ಯತ್ಯಾಸದ ಬಗ್ಗೆಯೇ ಈ ಲೇಖನ. ಹೊರನಾಡಿನ ನಮ್ಮ ಸಂಘಗಳು ಸಾವಿನ ಕೆಲಸದಲ್ಲಿ ಪಳಗಿವೆ. ಒಬ್ಬ ಕನ್ನಡಿಗ ತೀರಿಕೊಂಡರೆ ಗಂಟೆಯೊಳಗೆ ಫೋನುಗಳು ಹರಿದಾಡುತ್ತವೆ. ಆಸ್ಪತ್ರೆಯ ಕಾಗದ, ಪೊಲೀಸರ ಪತ್ರ, ರಾಯಭಾರ ಕಚೇರಿಯ ಸಹಿ, ವಿಮಾನದ ಪೆಟ್ಟಿಗೆ, ಊರಿನಲ್ಲಿ ಆಂಬುಲೆನ್ಸ್, ಎಲ್ಲವನ್ನೂ ಒಬ್ಬರಲ್ಲ ಒಬ್ಬರು ಹೊತ್ತುಕೊಳ್ಳುತ್ತಾರೆ. ಇದು ಹೆಮ್ಮೆಪಡುವ ಕೆಲಸ. ಆದರೆ ಅದೇ ಮನುಷ್ಯ ಬದುಕಿದ್ದು, ಬಯಾಪ್ಸಿ ಕೊಟ್ಟು ಬಂದು, ಹತ್ತು ರಾತ್ರಿ ನಿದ್ದೆಯಿಲ್ಲದೆ ಹೊರಳಾಡುವಾಗ ಅವನ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಕಾಯುವ ಆ ದಿನಗಳನ್ನು ಯಾರೂ ಒಬ್ಬರೇ ಕಳೆಯಬಾರದು, ಅದು ಸಂಘದ ಕೆಲಸವೂ ಆಗಬೇಕು ಎಂಬುದು ನಮ್ಮ ಅಭಿಪ್ರಾಯ.

ರೋಗ ಇದೆಯೋ ಇಲ್ಲವೋ ಗೊತ್ತಿಲ್ಲದಾಗ ಇಷ್ಟೊಂದು ಕಳವಳ ಯಾಕೆ, ಗೊತ್ತಾದ ಮೇಲೆ ಹೆದರಿದರಾಯಿತಲ್ಲ ಎಂದು ಕೇಳುವವರಿದ್ದಾರೆ. ದೇಹ ಆ ಲೆಕ್ಕವನ್ನು ಕೇಳುವುದಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2016ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 45 ಜನರನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಪರದೆಯ ಮೇಲಿನ ಕಲ್ಲುಗಳ ಅಡಿಯಲ್ಲಿ ಹಾವಿದೆಯೇ ಇಲ್ಲವೇ ಎಂದು ಊಹಿಸಲು ಹೇಳಿದರು. ಹಾವು ಬಂದರೆ ಕೈಗೆ ನೋವಾಗುವಷ್ಟು ಕರೆಂಟಿನ ಹೊಡೆತ. ಹೊಡೆತ ಖಂಡಿತ ಎಂದು ಗೊತ್ತಿದ್ದಾಗಿನದಕ್ಕಿಂತ, ಅರ್ಧಕ್ಕರ್ಧ ಸಾಧ್ಯತೆ ಇದ್ದಾಗ ಜನರು ಹೆಚ್ಚು ಬೆವರಿದರು, ಹೆಚ್ಚು ಒತ್ತಡಕ್ಕೆ ಒಳಗಾದರು. ಹಗ್ಗವೋ ಹಾವೋ ಎಂಬ ಮಾತು ನಮ್ಮಲ್ಲಿ ಹಳೆಯದು. ಹಾವೇ ಎಂದು ಗೊತ್ತಾದರೆ ಕೋಲು ಹಿಡಿಯಬಹುದು, ಹಗ್ಗ ಎಂದಾದರೆ ಮಲಗಬಹುದು. ಎರಡೂ ತಿಳಿಯದೆ ಕತ್ತಲಲ್ಲಿ ನಿಲ್ಲುವುದೇ ಕಷ್ಟ.

ಇನ್ನೊಂದು ಅಧ್ಯಯನ ನೇರವಾಗಿ ನಮ್ಮ ವಿಷಯದ್ದೇ. ಅಮೆರಿಕದ ಬಾಸ್ಟನ್ನಿನಲ್ಲಿ ಸ್ತನದ ಬಯಾಪ್ಸಿ ಮಾಡಿಸಿಕೊಂಡ 126 ಮಹಿಳೆಯರ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಬಯಾಪ್ಸಿಯ ನಂತರದ ದಿನಗಳಲ್ಲಿ ಅಳೆದರು. 2009ರಲ್ಲಿ ಅದು ಪ್ರಕಟವಾಯಿತು. ಇನ್ನೂ ರಿಪೋರ್ಟ್ ಸಿಗದೆ ಕಾಯುತ್ತಿದ್ದವರ ಹಾರ್ಮೋನಿನ ಏರಿಳಿತ, ಕ್ಯಾನ್ಸರ್ ಇದೆ ಎಂದು ತಿಳಿದವರದ್ದನ್ನೇ ಹೋಲುತ್ತಿತ್ತು. ಇಲ್ಲ ಎಂದು ತಿಳಿದವರದ್ದು ಬೇರೆಯಾಗಿತ್ತು. ಅಂದರೆ ಕಾಯುತ್ತಿರುವವನ ಎದೆ ಡವಗುಟ್ಟುವುದು, ಹೊಟ್ಟೆ ತೊಳಸುವುದು, ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುವುದು ಅವನ ಪುಕ್ಕಲುತನವಲ್ಲ. ಹಾಗೆಯೇ ಅವು ರೋಗ ಇರುವುದಕ್ಕೆ ಸಾಕ್ಷಿಯೂ ಅಲ್ಲ. ‘ನನಗೆ ಹಸಿವೇ ಇಲ್ಲ, ಸೊರಗುತ್ತಿದ್ದೇನೆ, ಖಂಡಿತ ಅದೇ ಇರಬೇಕು’ ಎಂದು ಎಷ್ಟೋ ಮಂದಿ ಅಂದುಕೊಳ್ಳುತ್ತಾರೆ. ವಾರಗಟ್ಟಲೆ ಊಟ ನಿದ್ದೆ ಬಿಟ್ಟರೆ ಯಾವ ರೋಗವೂ ಇಲ್ಲದವರೂ ಸೊರಗುತ್ತಾರೆ.

ರಿಪೋರ್ಟ್ ತಡವಾದಷ್ಟೂ ಸುದ್ದಿ ಕೆಟ್ಟದು ಎಂಬುದು ನಮ್ಮ ನಡುವಿನ ಇನ್ನೊಂದು ನಂಬಿಕೆ. ತೆಗೆದ ತುಣುಕು ಲ್ಯಾಬಿನಲ್ಲಿ ಏನಾಗುತ್ತದೆ ಎಂದು ತಿಳಿದರೆ ಈ ನಂಬಿಕೆ ಸಡಿಲವಾಗುತ್ತದೆ. ಮೊದಲು ಅದನ್ನು ಫಾರ್ಮಲಿನ್ ದ್ರಾವಣದಲ್ಲಿ ನೆನೆಸಿಡುತ್ತಾರೆ. ಆಮೇಲೆ ಅದರ ನೀರಿನಂಶ ತೆಗೆದು ಕರಗಿದ ಮೇಣ ತುಂಬಿಸುತ್ತಾರೆ. ಇದು ಸಾಮಾನ್ಯವಾಗಿ ರಾತ್ರಿಯಿಡೀ ಯಂತ್ರದಲ್ಲಿ ನಡೆಯುವ ಕೆಲಸ. ಮೇಣದ ಆ ಗಟ್ಟಿಯನ್ನು ‘ಬ್ಲಾಕ್’ ಎನ್ನುತ್ತಾರೆ. ಅದರಿಂದ ತಲೆಗೂದಲಿಗಿಂತಲೂ ಎಷ್ಟೋ ತೆಳುವಾದ, ಮೂರರಿಂದ ಐದು ಮೈಕ್ರಾನಿನ ಪದರಗಳನ್ನು ಹೆರೆದು, ಗಾಜಿನ ಮೇಲಿಟ್ಟು, ನೇರಳೆ ಮತ್ತು ಗುಲಾಬಿ ಬಣ್ಣ ಹಾಕಿ, ಪೆಥಾಲಜಿಸ್ಟ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅನುಮಾನ ಬಂದರೆ ಬೇರೆ ಬಣ್ಣಗಳ ವಿಶೇಷ ಪರೀಕ್ಷೆ ಮಾಡಿಸುತ್ತಾರೆ, ಇಲ್ಲವೇ ಇನ್ನೊಬ್ಬ ಪೆಥಾಲಜಿಸ್ಟರ ಅಭಿಪ್ರಾಯ ಕೇಳುತ್ತಾರೆ. ಮೂಳೆಯ ತುಣುಕಾದರೆ ಅದನ್ನು ಮೆದು ಮಾಡಲಿಕ್ಕೇ ಕೆಲವು ದಿನ ಬೇಕು. ನಡುವೆ ಈದ್ ರಜೆಯೋ ವಾರದ ರಜೆಯೋ ಬಂದರೆ ಅದೂ ಸೇರುತ್ತದೆ. ತಡವಾದದ್ದಕ್ಕೆ ಕಾರಣ ಇವುಗಳಲ್ಲಿ ಯಾವುದೂ ಆಗಿರಬಹುದು. ಮಾದರಿ ಕೊಡುವ ದಿನವೇ ಕೇಳಬೇಕಾದ ಪ್ರಶ್ನೆಗಳು ಮೂರು: ಎಷ್ಟು ದಿನ ಹಿಡಿಯುತ್ತದೆ? ಫಲಿತಾಂಶ ಯಾರು, ಹೇಗೆ ತಿಳಿಸುತ್ತಾರೆ? ಆ ದಿನ ಕಳೆದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಕೊನೆಯ ದಿನಾಂಕವೊಂದು ತಿಳಿದಿದ್ದರೆ ಪ್ರತಿ ಬಾರಿ ಫೋನ್ ಗುಣುಗುಟ್ಟಿದಾಗಲೂ ಬೆಚ್ಚುವುದು ತಪ್ಪುತ್ತದೆ.

ಅನುಮಾನ ಎಂದರೆ ತೀರ್ಪಲ್ಲ ಎನ್ನುವುದಕ್ಕೆ ಕೆಲವು ಅಂಕಿಗಳು. ಥೈರಾಯ್ಡ್ ಗಂಟುಗಳಲ್ಲಿ ಸುಮಾರು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕ್ಯಾನ್ಸರ್ ಅಲ್ಲ. ಗಂಡಸರ ಪ್ರಾಸ್ಟೇಟ್ ಪರೀಕ್ಷೆಯ ಪಿಎಸ್‌ಎ ನಾಲ್ಕರಿಂದ ಹತ್ತರ ನಡುವೆ ಬಂದರೆ ಕ್ಯಾನ್ಸರ್ ಇರುವ ಸಾಧ್ಯತೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ. ಉಳಿದವರಲ್ಲಿ ಗ್ರಂಥಿ ದೊಡ್ಡದಾದದ್ದೋ ಸೋಂಕೋ ಕಾರಣವಾಗಿರುತ್ತದೆ. ಮಲದಲ್ಲಿ ರಕ್ತದ ಅಂಶ ಕಂಡರೆ ಮೂಲವ್ಯಾಧಿಯಿಂದಲೂ ಬಂದಿರಬಹುದು. ಕೊಲೊನೋಸ್ಕೋಪಿ ಮಾಡಿದರೆ ಮಾತ್ರ ಗೊತ್ತಾಗುತ್ತದೆ. ಮ್ಯಾಮೋಗ್ರಾಮ್ ರಿಪೋರ್ಟಿನಲ್ಲಿ ‘ಬೈರಾಡ್ಸ್ 0’ ಎಂದಿದ್ದರೆ ಚಿತ್ರ ಸಾಲದು, ಇನ್ನೊಮ್ಮೆ ತೆಗೆಯಬೇಕು ಎಂದಷ್ಟೇ ಅರ್ಥ. ‘3’ ಎಂದಿದ್ದರೆ ಕ್ಯಾನ್ಸರ್ ಸಾಧ್ಯತೆ ನೂರಕ್ಕೆ ಎರಡನ್ನು ಮೀರುವುದಿಲ್ಲ. ಈ ಅಂಕಿಗಳನ್ನು ಹೇಳುತ್ತಿರುವುದು ‘ಏನೂ ಆಗಿರುವುದಿಲ್ಲ’ ಎಂಬ ಸುಳ್ಳು ಧೈರ್ಯ ತುಂಬಲಿಕ್ಕಲ್ಲ. ನಾಲ್ವರಲ್ಲಿ ಆ ಒಬ್ಬರು ನಾವೇ ಆಗಬಹುದು. ಆದರೆ ರಾತ್ರಿ ಕತ್ತಲಲ್ಲಿ ಮನಸ್ಸು ನಾಲ್ಕರಲ್ಲಿ ನಾಲ್ಕೂ ತನ್ನದೇ ಎಂದು ಹೇಳುತ್ತದೆ. ಅದು ಸರಿಯಾದ ಲೆಕ್ಕವಲ್ಲ.

ಇಷ್ಟು ಎಲ್ಲ ದೇಶದವರಿಗೂ ಒಂದೇ. ನಮ್ಮಂಥವರಿಗೆ ಇದರ ಮೇಲೆ ಇನ್ನೊಂದು ಭಯ ಸವಾರಿ ಮಾಡುತ್ತದೆ. ಕಾಯಿಲೆ ಎಂದು ಬಂದರೆ ಕೆಲಸ ಹೋಗುತ್ತದೆಯೇ, ವೀಸಾ ರದ್ದಾಗುತ್ತದೆಯೇ, ಮಗಳ ಕಾಲೇಜು ಫೀಸು ಯಾರು ಕಟ್ಟುತ್ತಾರೆ? ನಮ್ಮ ಸ್ನೇಹಿತರನ್ನು ಕೇಳಿದರೆ ಅವರು ಹೇಳುವುದು, ಆ ಹತ್ತು ದಿನ ಸಾವಿನ ಬಗ್ಗೆ ಯೋಚಿಸಿದ್ದಕ್ಕಿಂತ ಹೆಚ್ಚು ಕಂಪೆನಿಯ ಎಚ್‌ಆರ್ ಬಗ್ಗೆ ಯೋಚಿಸಿದೆ ಎಂದು. ಎರಡು ಭಯಗಳು ಹೆಣೆದುಕೊಂಡಾಗ ಯಾವುದಕ್ಕೂ ಉತ್ತರ ಹುಡುಕಲು ಆಗುವುದಿಲ್ಲ. ಬಿಡಿಸಿ ನೋಡಿದರೆ ಒಂದು ಕಾಯಬೇಕಾದದ್ದು, ಇನ್ನೊಂದು ಇವತ್ತೇ ಕೇಳಿ ತಿಳಿಯಬಹುದಾದದ್ದು. ಗಂಟು ಏನೆಂಬುದು ಲ್ಯಾಬಿನವರು ಹೇಳುವವರೆಗೆ ತಿಳಿಯದು. ಆದರೆ ರಜೆ ಎಷ್ಟು, ವಿಮೆ ಎಷ್ಟು ಎಂಬುದು ಕಾಗದದಲ್ಲೇ ಇದೆ.

ಮೊದಲು ವೀಸಾ. ಊರಿನಿಂದ ಹೊಸದಾಗಿ ಬರುವವರ ಗಮ್ಕಾ ತಪಾಸಣೆಯಲ್ಲಿ ಕ್ಯಾನ್ಸರ್ ಇದ್ದವರನ್ನು ಅನ್‌ಫಿಟ್ ಪಟ್ಟಿಗೆ ಸೇರಿಸಿರುವುದು ನಿಜ. ಭಯ ಹುಟ್ಟುವುದು ಅಲ್ಲಿಂದಲೇ. ಆದರೆ ಈಗಾಗಲೇ ಒಳಗಿರುವವರ ಸ್ಥಿತಿ ಬೇರೆ. ಯುಎಇಯಲ್ಲಿ ವೀಸಾ ನವೀಕರಣಕ್ಕೆ ಮಾಡುವ ತಪಾಸಣೆ ಮುಖ್ಯವಾಗಿ ಎಚ್‌ಐವಿ, ಕ್ಷಯದಂಥ ಅಂಟುರೋಗಗಳಿಗಾಗಿ. ಕ್ಯಾನ್ಸರ್ ಅಂಟುರೋಗವಲ್ಲ. ಇನ್ನು ರಜೆ. ಯುಎಇಯ 2021ರ ಕಾರ್ಮಿಕ ಕಾನೂನಿನಂತೆ ಪ್ರೊಬೇಷನ್ ಮುಗಿಸಿದವರಿಗೆ ವರ್ಷಕ್ಕೆ 90 ದಿನ ಕಾಯಿಲೆ ರಜೆ: ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 30 ದಿನ ಅರ್ಧ, ಉಳಿದ 45 ದಿನ ಸಂಬಳವಿಲ್ಲ. ಸೌದಿಯಲ್ಲಿ ವರ್ಷಕ್ಕೆ 120 ದಿನ: 30 ದಿನ ಪೂರ್ತಿ, 60 ದಿನ ಮುಕ್ಕಾಲು ಸಂಬಳ, 30 ದಿನ ಸಂಬಳವಿಲ್ಲ. ಕತಾರಿನಲ್ಲಿ ಮೂರು ತಿಂಗಳ ಕೆಲಸ ಮುಗಿಸಿದವರಿಗೆ ಎರಡು ವಾರ ಪೂರ್ತಿ, ನಂತರ ನಾಲ್ಕು ವಾರ ಅರ್ಧ ಸಂಬಳ. ಮನೆಗೆಲಸದವರಿಗೆ ಬೇರೆ ನಿಯಮಗಳಿವೆ, ಅವರ ರಜೆ ಇದಕ್ಕಿಂತ ಕಡಿಮೆ. ಇಷ್ಟರಿಂದ ಎಲ್ಲ ಸಮಸ್ಯೆ ತೀರುವುದಿಲ್ಲ. ಆದರೆ ‘ನಾಳೆಯೇ ಟಿಕೆಟ್ ಕೊಟ್ಟು ಕಳಿಸಿಬಿಡುತ್ತಾರೆ’ ಎಂದು ರಾತ್ರಿಯೆಲ್ಲ ಅಂದುಕೊಳ್ಳುವುದಕ್ಕೂ, ‘ಇಷ್ಟು ದಿನ ಕೈಯಲ್ಲಿದೆ’ ಎಂದು ತಿಳಿದಿರುವುದಕ್ಕೂ ಬಹಳ ಅಂತರವಿದೆ.

ವಿಮೆಯದ್ದೂ ಹಾಗೆಯೇ. ದುಬೈಯ ಮೂಲ ವಿಮೆಯ ಮೇಲಿನ ಮಿತಿ ವರ್ಷಕ್ಕೆ ಒಂದೂವರೆ ಲಕ್ಷ ದಿರ್ಹಂ. ಆ ವಿಮೆ ಇರುವವರಿಗಾಗಿ ‘ಬಸ್ಮಾ’ ಎಂಬ ಸರ್ಕಾರಿ ವ್ಯವಸ್ಥೆಯಿದ್ದು, ಸ್ತನ, ದೊಡ್ಡ ಕರುಳು ಮತ್ತು ಗರ್ಭಕಂಠದ ಕ್ಯಾನ್ಸರುಗಳಿಗೆ ನೆರವಾಗುತ್ತದೆ. ಇಲ್ಲಿ ಸಿಂಗಪುರದಲ್ಲಿ ವರ್ಕ್ ಪರ್ಮಿಟ್ ಮತ್ತು ಎಸ್ ಪಾಸ್ ಮೇಲೆ ದುಡಿಯುವವರಿಗೆ ಮಾಲೀಕರು ಕನಿಷ್ಠ 60,000 ಡಾಲರಿನ ವೈದ್ಯಕೀಯ ವಿಮೆ ಮಾಡಿಸಬೇಕೆಂದು 2023ರ ಜುಲೈಯಿಂದ ನಿಯಮವಾಗಿದೆ. ಅದಕ್ಕೆ ಮೊದಲು ಅದು 15,000 ಇತ್ತು. ಆದರೆ ಅದು ಆಸ್ಪತ್ರೆಗೆ ಸೇರಿದಾಗಿನ ಮತ್ತು ಡೇ ಸರ್ಜರಿಯ ಖರ್ಚಿಗೆ. ಇಲ್ಲಿ ಕಟ್ಟಡದ ಕೆಲಸ ಮಾಡುವ ಹುಡುಗರಿಗೂ ನಿಮ್ಮ ಕ್ಯಾಂಪಿನವರಿಗೂ ಒಂದೇ ಪ್ರಶ್ನೆ: ಕಾರ್ಡ್ ಜೇಬಿನಲ್ಲಿದೆ, ಅದರೊಳಗೆ ಏನಿದೆ ಎಂದು ನೋಡಿದವರು ಯಾರು? ರಿಪೋರ್ಟಿಗೆ ಕಾಯುವ ದಿನಗಳಲ್ಲಿ ಮಾಡಬಹುದಾದ ಒಳ್ಳೆಯ ಕೆಲಸವೆಂದರೆ ಓದುಬರಹ ಚೆನ್ನಾಗಿ ಬಲ್ಲ ಒಬ್ಬರನ್ನು ಜೊತೆಗೆ ಕೂರಿಸಿಕೊಂಡು ವಿಮೆಯ ಕಾಗದ ಓದುವುದು. ಕೈಗೆ ಕೆಲಸವೂ ಆಯಿತು, ಮನಸ್ಸಿಗೆ ಉತ್ತರವೂ ಸಿಕ್ಕಿತು.

ಇಷ್ಟೆಲ್ಲ ಇದ್ದರೂ ನಾವು ಮುಚ್ಚಿಡುತ್ತೇವೆ. ಆ ರೋಗದ ಹೆಸರನ್ನೇ ಹೇಳದೆ ‘ದೊಡ್ಡ ಕಾಯಿಲೆ’ ಎನ್ನುವುದು ನಮ್ಮ ಮನೆಗಳ ರೂಢಿ. ಸಿಂಗಪುರದಲ್ಲಿ ಕಂಡ ಒಂದು ಉದಾಹರಣೆ ಹೇಳುತ್ತೇವೆ. 2015ರ ಫೆಬ್ರುವರಿ 15ರಂದು, ಚೀನೀ ಹೊಸವರ್ಷಕ್ಕೆ ಇನ್ನು ಕೆಲವೇ ದಿನ ಇರುವಾಗ, ಈ ದೇಶದ ಪ್ರಧಾನಿ ಲೀ ಸಿಯೆನ್ ಲೂಂಗ್ ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಇದೆ, ಮರುದಿನ ಶಸ್ತ್ರಚಿಕಿತ್ಸೆ ಎಂದು ಅವರ ಕಚೇರಿ ಪ್ರಕಟಿಸಿತು. ಎಂಆರ್‌ಐಯಲ್ಲಿ ಅನುಮಾನದ ಗುರುತು ಕಂಡದ್ದು, ಬಯಾಪ್ಸಿಯಲ್ಲಿ ತೆಗೆದ 38 ತುಣುಕುಗಳಲ್ಲಿ ಒಂದರಲ್ಲಿ ಮಾತ್ರ ಕ್ಯಾನ್ಸರ್ ಕೋಶಗಳು ಸಿಕ್ಕಿದ್ದು ಎಲ್ಲವನ್ನೂ ಜನರಿಗೆ ತಿಳಿಸಿದರು. ಅದಕ್ಕೂ ಮೊದಲು 1992ರಲ್ಲಿ ಅವರಿಗೆ ಲಿಂಫೋಮಾ ಬಂದು ಗುಣವಾಗಿತ್ತು. ಎರಡನೆಯ ಬಾರಿಯ ನಂತರವೂ ಅವರು 2024ರ ಮೇ ತನಕ ಪ್ರಧಾನಿಯಾಗಿ ದುಡಿದರು. ಅವರಿಗೆ ಸಿಕ್ಕ ಅನುಕೂಲ ನಮಗೆಲ್ಲಿ ಎಂದು ನೀವು ಕೇಳಬಹುದು, ಕೇಳುವುದು ನ್ಯಾಯವೇ. ಆದರೂ ದೇಶದ ದೊಡ್ಡ ಕುರ್ಚಿಯಲ್ಲಿದ್ದವರು ರೋಗದ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ನಮ್ಮಂಥವರಿಗೂ ಅದನ್ನು ಹೇಳುವ ಧೈರ್ಯ ಕೊಟ್ಟಿತು.

ನಮ್ಮ ಕನ್ನಡದಲ್ಲೇ ಇನ್ನೂ ಹತ್ತಿರದ ಉದಾಹರಣೆ ಇದೆ. ನಟ ಶಿವರಾಜ್‌ಕುಮಾರ್ ಅವರಿಗೆ ಮೂತ್ರಕೋಶದ ಕ್ಯಾನ್ಸರ್ ಆಗಿ, 2024ರ ಡಿಸೆಂಬರ್ 24ರಂದು ಅಮೆರಿಕದ ಮಯಾಮಿಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಅಭಿಮಾನಿಗಳೆಲ್ಲ ಕಾದರು. 2025ರ ಹೊಸವರ್ಷದ ದಿನ ಅವರೂ ಪತ್ನಿ ಗೀತಾ ಅವರೂ ವಿಡಿಯೊದಲ್ಲಿ ಕಾಣಿಸಿಕೊಂಡು, ವರದಿಗಳು ನೆಗೆಟಿವ್ ಬಂದಿವೆ, ಕ್ಯಾನ್ಸರಿನಿಂದ ಮುಕ್ತರಾಗಿದ್ದಾರೆ ಎಂದು ತಿಳಿಸಿದರು. ಆ ಒಂದು ವಾರ ಶಿವಣ್ಣನ ಮನೆಯವರು ಹೇಗೆ ಕಳೆದಿರಬಹುದು ಎಂದು ಅಂದು ನಾವೆಲ್ಲ ಮಾತಾಡಿಕೊಂಡೆವು. ಶಿವಣ್ಣನಿಗಾಗಿ ಕಾಯಲು ಲಕ್ಷ ಜನ ಇದ್ದರು. ಪಕ್ಕದ ಬಂಕ್ ಬೆಡ್ಡಿನ ನಮ್ಮ ಅಣ್ಣನಿಗಾಗಿ ಕಾಯಲು ಇಬ್ಬರು ಬೇಡವೇ?

ಹಾಗಾದರೆ ಯಾರಿಗೆ ಹೇಳುವುದು? ಎಲ್ಲರಿಗೂ ಬೇಡ, ಇಬ್ಬರಿಗೆ ಸಾಕು. ಇರುವ ಊರಿನಲ್ಲಿ ಒಬ್ಬರು, ಮನೆಯಲ್ಲಿ ಒಬ್ಬರು. ಮನೆಯಲ್ಲಿ ಹೇಳಬೇಕಾದದ್ದು ಮೊದಲು ಮಡದಿಗೆ, ಇಲ್ಲವೇ ತಿಳಿವಳಿಕೆಯಿರುವ ಅಣ್ಣನಿಗೋ ಅಕ್ಕನಿಗೋ. ವಯಸ್ಸಾದ ಅಪ್ಪ ಅಮ್ಮನಿಗೆ ಉತ್ತರ ಸಿಕ್ಕಿದ ಮೇಲೆ ಹೇಳಬಹುದು. ‘ಅವಳು ಹೆದರುತ್ತಾಳೆ, ಹೇಳುವುದಿಲ್ಲ’ ಎನ್ನುವ ಗಂಡಸರೇ ನಮ್ಮಲ್ಲಿ ಹೆಚ್ಚು. ಆದರೆ ದಿನಾ ರಾತ್ರಿ ವಿಡಿಯೊ ಕರೆಯಲ್ಲಿ ನಿಮ್ಮ ಮುಖ ನೋಡುವವಳಿಗೆ ಏನೋ ಆಗಿದೆ ಎಂದು ಗೊತ್ತಾಗದೆ ಇರುವುದಿಲ್ಲ. ಏನೆಂದು ಗೊತ್ತಾಗದೆ ಅವಳೂ ಆ ಕಡೆ ಹಗ್ಗವೋ ಹಾವೋ ಎಂದು ಕಾಯುತ್ತಿರುತ್ತಾಳೆ. ‘ಒಂದು ಪರೀಕ್ಷೆ ಕೊಟ್ಟಿದ್ದೇನೆ, ಇಂಥ ದಿನ ಗೊತ್ತಾಗುತ್ತದೆ, ಗೊತ್ತಾದ ಕೂಡಲೇ ನಿನಗೆ ಹೇಳುತ್ತೇನೆ’ ಎಂಬ ಮೂರು ಮಾತು ಸಾಕು.

ಕೇಳಿಸಿಕೊಳ್ಳುವವರಿಗೂ ಒಂದು ಮಾತು. ‘ಟೆನ್ಷನ್ ಮಾಡ್ಕೋಬೇಡಿ’ ಎನ್ನುವುದರಿಂದ ಯಾರ ಟೆನ್ಷನ್ನೂ ಹೋಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ವಕೀಲಿಕೆ ಪರೀಕ್ಷೆ ಬರೆದು ನಾಲ್ಕು ತಿಂಗಳು ಫಲಿತಾಂಶಕ್ಕೆ ಕಾಯುವವರನ್ನು ಕೇಟ್ ಸ್ವೀನಿ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಸಂಗಡಿಗರು ಅಧ್ಯಯನ ಮಾಡಿದರು. 2016ರಲ್ಲಿ ಬಂದ ಅವರ ಬರಹದ ಪ್ರಕಾರ, ಮನಸ್ಸನ್ನು ಸಮಾಧಾನ ಮಾಡಿಕೊಳ್ಳಲು ಜನ ಮಾಡಿದ ಉಪಾಯಗಳು ಕಳವಳವನ್ನು ಅಷ್ಟೇನೂ ತಗ್ಗಿಸಲಿಲ್ಲ. ಅಷ್ಟೇ ಅಲ್ಲ, ಚೆನ್ನಾಗಿ ಚಿಂತಿಸಿದವರೇ ಕೆಟ್ಟ ಸುದ್ದಿ ಬಂದಾಗ ಮುಂದಿನ ಕೆಲಸಕ್ಕೆ ಬೇಗ ಇಳಿದರು, ಒಳ್ಳೆಯ ಸುದ್ದಿ ಬಂದಾಗ ಹೆಚ್ಚು ಸಂತೋಷಪಟ್ಟರು. ಚಿಂತೆಗೂ ಚಿತೆಗೂ ಒಂದು ಸೊನ್ನೆಯ ವ್ಯತ್ಯಾಸ ಎಂದು ನಮ್ಮ ಹಿರಿಯರು ಎಚ್ಚರಿಸಿದ್ದಾರೆ. ಅತಿಯಾದರೆ ಆ ಮಾತು ಸತ್ಯ. ಆದರೆ ಕಾಯುವವನನ್ನು ಚಿಂತೆ ಮಾಡಿದ್ದಕ್ಕಾಗಿ ಬೈಯುವುದು ಬೇಡ. ಜೊತೆಗೆ ಕೂತು ಚಹಾ ಕುಡಿಯಿರಿ. ಅಪಾಯಿಂಟ್‌ಮೆಂಟಿನ ದಿನ ರಜೆ ಹಾಕಿ ಜೊತೆಗೆ ಹೋಗಿ. ಉಪದೇಶಕ್ಕಿಂತ ಆ ಒಂದು ದಿನದ ರಜೆ ದೊಡ್ಡದು.

ಕಾಯುವವರು ಮಾಡಬಹುದಾದ ಕೆಲವು ಸಣ್ಣ ಕೆಲಸಗಳೂ ಇವೆ. ಡ್ಯೂಟಿಗೆ ಹೋಗಲು ಆಗುವಂತಿದ್ದರೆ ಹೋಗಿ. ಕೈ ಕೆಲಸದಲ್ಲಿದ್ದಾಗ ತಲೆ ಸ್ವಲ್ಪ ಬಿಡುವು ಕೊಡುತ್ತದೆ. ಆದರೆ ಎತ್ತರದಲ್ಲಿ ಕೆಲಸ ಮಾಡುವವರು, ದೊಡ್ಡ ಗಾಡಿ ಓಡಿಸುವವರು ನಿದ್ದೆಗೆಟ್ಟು ಹೋಗಬೇಡಿ, ಸೂಪರ್‌ವೈಸರಿಗೆ ಮೈ ಸರಿಯಿಲ್ಲ ಎಂದಷ್ಟೇ ಹೇಳಿ ಬೇರೆ ಕೆಲಸ ಕೇಳಿ. ಗಂಟನ್ನು ಮತ್ತೆ ಮತ್ತೆ ಒತ್ತಿ ನೋಡಬೇಡಿ. ಒತ್ತಿದ ಜಾಗ ನೋಯುತ್ತದೆ, ನೋವಾದರೆ ಭಯ ಹೆಚ್ಚುತ್ತದೆ. ಗೂಗಲ್ ನೋಡದೆ ಇರಲಾಗದಿದ್ದರೆ ಹಗಲಿನಲ್ಲಿ ಹತ್ತು ನಿಮಿಷ ನೋಡಿ, ಮಲಗುವ ಮುಂಚೆ ಬೇಡ. ಸಿಂಗಪುರದ ಹೆಲ್ತ್‌ಹಬ್, ಸೌದಿಯ ಸಿಹ್ಹತಿಯಂಥ ಆ್ಯಪ್‌ಗಳಲ್ಲಿ ರಕ್ತಪರೀಕ್ಷೆಯ ಅಂಕಿಗಳು ನೇರವಾಗಿ ಫೋನಿಗೇ ಬರುತ್ತವೆ. ಅಂಕಿಯ ಪಕ್ಕದಲ್ಲಿ ಕೆಂಪು ಗುರುತು ಕಂಡರೆ ರಾತ್ರಿ ಒಬ್ಬರೇ ಅರ್ಥ ಹುಡುಕಬೇಡಿ; ಅದನ್ನು ವಿವರಿಸುವುದು ವೈದ್ಯರ ಕೆಲಸ. ರಿಪೋರ್ಟಿನ ಫೋಟೊವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಲೇಬೇಡಿ. ಹತ್ತು ನಿಮಿಷದಲ್ಲಿ ಲಕ್ಷ್ಮಣಫಲದ ಎಲೆಯ ಕಷಾಯ, ಗೋಧಿಹುಲ್ಲಿನ ರಸ ಎಲ್ಲ ಬಂದು ಬೀಳುತ್ತವೆ. ಹರಕೆ ಹೊರುವವರು ಹೊರಿ, ನಮಾಜು ಮಾಡುವವರು ಮಾಡಿ, ಇಗರ್ಜಿಗೆ ಹೋಗುವವರು ಹೋಗಿ. ಆಸ್ಪತ್ರೆಯ ದಿನಾಂಕ ಮಾತ್ರ ತಪ್ಪಿಸಬೇಡಿ.

ಯಾಕೆಂದರೆ ಕಳವಳದ ನಿಜವಾದ ಅಪಾಯ ಇರುವುದು ಅಲ್ಲಿ. ಕೆಲವರು ಹೆದರಿ ರಿಪೋರ್ಟ್ ತರಲು ಹೋಗುವುದೇ ಇಲ್ಲ. ‘ಫೋನ್ ಬಂದಿಲ್ಲ, ಹಾಗಾದರೆ ಏನೂ ಇರಲಿಕ್ಕಿಲ್ಲ’ ಎಂದು ಮನಸ್ಸನ್ನು ಒಪ್ಪಿಸಿಕೊಳ್ಳುತ್ತಾರೆ. ಫೋನ್ ನಂಬರ್ ಬದಲಾಗಿರಬಹುದು, ಕಾಗದ ಯಾವುದೋ ಮೇಜಿನ ಮೇಲೆ ಉಳಿದಿರಬಹುದು. ಹೇಳಿದ ದಿನ ಕಳೆದರೆ ನಾವೇ ಹೋಗಿ ಕೇಳಬೇಕು. ಇನ್ನು ಕೆಲವರು ಅರ್ಧದಲ್ಲೇ ಟಿಕೆಟ್ ತೆಗೆದು ಊರಿಗೆ ಹೊರಟುಬಿಡುತ್ತಾರೆ. ಊರಿಗೆ ಹೋಗುವುದು ಒಳ್ಳೆಯ ನಿರ್ಧಾರವೇ ಆಗಿರಬಹುದು. ಆದರೆ ಬರಿಗೈಯಲ್ಲಿ ಹೋದರೆ ಅಲ್ಲಿ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ. ಬಯಾಪ್ಸಿ ರಿಪೋರ್ಟ್, ಸ್ಕ್ಯಾನಿನ ಸಿಡಿ, ಸಾಧ್ಯವಾದರೆ ಗಾಜಿನ ಸ್ಲೈಡುಗಳು ಮತ್ತು ಆ ಮೇಣದ ಬ್ಲಾಕನ್ನು ಕೇಳಿ ಪಡೆಯಿರಿ. ಅವು ಕೈಯಲ್ಲಿದ್ದರೆ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲೋ, ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲೋ ಪೆಥಾಲಜಿಸ್ಟರು ಅವನ್ನೇ ಮತ್ತೊಮ್ಮೆ ನೋಡಬಲ್ಲರು. ಟಾಟಾ ಮೆಮೋರಿಯಲ್ ಮತ್ತು ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್‌ನ ತಜ್ಞರ ಅಭಿಪ್ರಾಯ ‘ನವ್ಯಾ’ ಎಂಬ ಆನ್‌ಲೈನ್ ಸೇವೆಯ ಮೂಲಕವೂ ಸಿಗುತ್ತದೆ.

ಕಳವಳ ಮಿತಿ ಮೀರಿದಾಗ ಗುರುತಿಸುವುದು ಜೊತೆಗಾರರ ಹೊಣೆ. ಹಲವು ರಾತ್ರಿ ಒಂದೇ ಸಮನೆ ನಿದ್ದೆಯಿಲ್ಲದಿದ್ದರೆ, ಊಟ ಪೂರ್ತಿ ಬಿಟ್ಟರೆ, ‘ನಾನಿಲ್ಲದಿದ್ದರೆ ಮನೆಯವರಿಗೆ ಇನ್ಶೂರೆನ್ಸ್ ಹಣವಾದರೂ ಸಿಗುತ್ತದೆ’ ಎಂಬಂಥ ಮಾತು ಬಂದರೆ ತಡಮಾಡಬಾರದು. ಅವರನ್ನು ಒಬ್ಬರೇ ಬಿಡಬೇಡಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಸಿಂಗಪುರದಲ್ಲಿ 1767ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಊರಿನಲ್ಲಿ ಕಾಯುತ್ತಿರುವ ಮನೆಯವರಿಗೆ ‘ಟೆಲಿ ಮಾನಸ್’ ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದ, ನಿಮ್ಹಾನ್ಸ್ ಮುಂದೆ ನಿಂತು ನಡೆಸುವ ಈ ಸೇವೆಯ ನಂಬರ್ 14416. ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ಈ ನಂಬರನ್ನು ನಿಮ್ಮ ಮನೆಯವರ ಫೋನಿನಲ್ಲಿ ಇವತ್ತೇ ಸೇರಿಸಿಡಿ.

ಇನ್ನು ಸಂಘದವರಲ್ಲಿ ನಮ್ಮ ಕೋರಿಕೆ. ಪ್ರತಿ ಊರಿನ ಸಂಘದಲ್ಲಿ ಇಬ್ಬರು ಗಂಡಸರು, ಇಬ್ಬರು ಹೆಂಗಸರು ‘ಕಾಯುವ ಜೊತೆಗಾರರು’ ಎಂದು ಮುಂದೆ ಬರಲಿ. ಅವರು ಡಾಕ್ಟರೇ ಆಗಬೇಕೆಂದಿಲ್ಲ. ಆಸ್ಪತ್ರೆಗೆ ಜೊತೆಗೆ ಹೋಗುವುದು, ವೈದ್ಯರು ಇಂಗ್ಲಿಷಿನಲ್ಲೋ ಅರಬಿಯಲ್ಲೋ ಹೇಳಿದ್ದನ್ನು ಕನ್ನಡದಲ್ಲಿ, ತುಳುವಿನಲ್ಲಿ, ಬ್ಯಾರಿಯಲ್ಲಿ ತಿಳಿಸುವುದು, ವಿಮೆಯ ಕಾಗದ ಓದುವುದು, ರಾತ್ರಿ ಫೋನ್ ಎತ್ತುವುದು, ಇಷ್ಟೇ ಕೆಲಸ. ನಿಜವಾಗಿ ಕೈ ಕಟ್ಟಿದವರಿಗೆ ರಾಯಭಾರ ಕಚೇರಿಗಳಲ್ಲಿ 2009ರಿಂದ ಇರುವ ಭಾರತೀಯ ಸಮುದಾಯ ಕಲ್ಯಾಣ ನಿಧಿಗೆ ಅರ್ಜಿ ಬರೆದುಕೊಡಲೂ ಅವರಿಗೆ ಗೊತ್ತಿರಲಿ.

ಇದಕ್ಕೆ ಬರುವ ಆಕ್ಷೇಪ ನಮಗೆ ಗೊತ್ತಿದೆ: ‘ಸಂಘದವರಿಗೆ ಹೇಳಿದರೆ ನಾಳೆ ಊರಿಗೆಲ್ಲ ಗೊತ್ತಾಗುತ್ತದೆ. ಮಗಳ ಮದುವೆಗೆ ತೊಂದರೆ, ಕಂಪೆನಿಗೂ ಸುದ್ದಿ ಮುಟ್ಟುತ್ತದೆ.’ ಈ ಅಂಜಿಕೆ ಸುಳ್ಳಲ್ಲ. ಜನ ಮುಚ್ಚಿಡುವುದಕ್ಕೆ ಮುಖ್ಯ ಕಾರಣವೇ ನಮ್ಮ ಬಾಯಿ. ಆದ್ದರಿಂದ ಜೊತೆಗಾರರಿಗೆ ಒಂದೇ ನಿಯಮ ಇರಲಿ: ಕೇಳಿದ್ದು ಕಿವಿಯಲ್ಲೇ ಉಳಿಯಬೇಕು, ಅಧ್ಯಕ್ಷರಿಗೂ ಹೇಳಬಾರದು, ಸ್ವಂತ ಮನೆಯಲ್ಲೂ ಹೇಳಬಾರದು. ಸಭೆಯಲ್ಲಿ ವರದಿ ಬೇಡ, ಫೋಟೊ ಬೇಡ, ಶಾಲು ಹೊದಿಸುವುದು ಬೇಡ. ರಾಜ್ಯೋತ್ಸವಕ್ಕೆ ಎಷ್ಟು ಶ್ರಮ ಹಾಕುತ್ತೇವೋ ಅದರಲ್ಲಿ ಹತ್ತರಲ್ಲೊಂದು ಪಾಲು ಈ ಕೆಲಸಕ್ಕೆ ಸಾಕು.

ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ನಮ್ಮವರಲ್ಲಿ ಯಾರೋ ಒಬ್ಬರು ಎಲ್ಲೋ ಒಂದು ಕೋಣೆಯಲ್ಲಿ ಫೋನ್ ನೋಡುತ್ತಾ ಕೂತಿರುತ್ತಾರೆ. ಅದು ನೀವೇ ಆಗಿದ್ದರೆ ಇವತ್ತು ಒಬ್ಬರಿಗೆ ಹೇಳಿ. ನಿಮ್ಮ ಪಕ್ಕದವರಾಗಿದ್ದರೆ, ಕೆಲವು ದಿನದಿಂದ ಊಟ ಬಿಟ್ಟಿದ್ದಾರೆ, ಮಾತು ಕಡಿಮೆಯಾಗಿದೆ ಎಂದು ಕಂಡರೆ, ‘ಏನಾಯಿತಣ್ಣ, ಎಲ್ಲಿಗಾದರೂ ಜೊತೆಗೆ ಬರಬೇಕಾ?’ ಎಂದು ಒಂದು ಮಾತು ಕೇಳಿ.